ಲಾಸಾ ಅಪ್ಸೊ ಅಂತ ತಂದ ಮರಿಯನ್ನು ಎಲ್ಲರೂ ಶಿಟ್ಜು ಅಂತಿದ್ದಾರೆ. ಬೇಸಿಗೆಗೆ ಕೂದಲು ಬೋಳಿಸಬೇಕಾ?

ವಿದ್ಯಾನಗರದ ಅಕ್ಕ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ನಾಯಿಮರಿ ಬಂದು ಎರಡೂವರೆ ತಿಂಗಳಾಯಿತು. ಹೆಸರು ಬೆಣ್ಣೆ. ಈಗ ಐದು ತಿಂಗಳ ಹೆಣ್ಣುಮರಿ. ಮೈಯೆಲ್ಲ ಬಿಳಿ, ಕಿವಿಯ ತುದಿ ಮಾತ್ರ ಬೆಲ್ಲದ ಬಣ್ಣ. ಕೊಟ್ಟವರು ಲಾಸಾ ಅಪ್ಸೊ ಅಂತ ಹೇಳಿ ಕೊಟ್ಟರು. ಕಾಗದಪತ್ರ ಕೇಳಿದ್ದಕ್ಕೆ "ಮುಂದಿನ ವಾರ ಕಳಿಸ್ತೀವಿ" ಅಂದವರು ಈಗ ಫೋನೇ ಎತ್ತುತ್ತಿಲ್ಲ.

ಮೊನ್ನೆ ವಾಕಿಂಗ್ ಹೋದಾಗ ಒಬ್ಬರು ನಿಲ್ಲಿಸಿ "ಇದು ಲಾಸಾ ಅಲ್ಲಮ್ಮ, ಶಿಟ್ಜು" ಅಂದರು. ಪಕ್ಕದ ಮನೆಯವರೂ ಅದನ್ನೇ ಹೇಳುತ್ತಾರೆ. ಯಾವ ಜಾತಿಯಾದರೂ ಅದು ನಮ್ಮ ಮನೆಯ ಮಗುವೇ. ಆದರೆ ಸಾಕುವ ರೀತಿ ಬೇರೆ ಇದ್ದರೆ ತಿಳಿದುಕೊಳ್ಳಬೇಕು ಅಲ್ವಾ?

ಇನ್ನೊಂದು ಚಿಂತೆ ಬೇಸಿಗೆಯದು. ಇನ್ನೇನು ಶಿವರಾತ್ರಿ ಕಳೆದರೆ ನಮ್ಮೂರ ಬಿಸಿಲು ಗೊತ್ತೇ ಇದೆ. ಅತ್ತೆಯವರು "ಅದರ ಕೂದಲು ನೋಡಿದ್ರೆ ನನಗೇ ಸೆಕೆ ಆಗುತ್ತೆ, ಬೋಳಿಸಿಬಿಡು" ಅಂತ ದಿನಾ ಹೇಳುತ್ತಾರೆ. ಗ್ರೂಮಿಂಗ್ ಅಂಗಡಿಯವರೂ ಝೀರೋ ಮಷಿನ್ ಹಾಕೋಣ ಅಂದರು. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಸಾಕಿದವರು ದಯವಿಟ್ಟು ಹೇಳಿ.

ಮಂಡಿಪೇಟೆ ಹುಡುಗ
ಅಕ್ಕಾ, ಮೊದಲು ಫೋಟೋ ಹಾಕಿ. ಹೆಸರು ಮಾತ್ರ ಸೂಪರ್.

ಕೋಟೆಯೂರಿನವನು, ಚಿತ್ರದುರ್ಗ
ಫೋಟೋದಲ್ಲಿ ಗೊತ್ತಾಗುವುದು ಕಷ್ಟ. ಐದು ತಿಂಗಳಿಗೆ ಎರಡೂ ಹತ್ತಿಯ ಉಂಡೆ ತರಹ ಇರುತ್ತವೆ. ಕೂದಲು ನೋಡಬೇಡಿ, ಮುಖ ನೋಡಿ.

ಮೊದಲು ಮೂತಿ. ಕಣ್ಣಿನ ಹತ್ತಿರದಿಂದ ಮೂಗಿನ ತುದಿಗೆ ಟೇಪ್ ಹಿಡಿಯಿರಿ. ಬೆಳೆದ ಲಾಸಾಗೆ ಅದು ಹೆಚ್ಚುಕಡಿಮೆ ಒಂದೂವರೆ ಇಂಚು ಇರುತ್ತದೆ. ಶಿಟ್ಜುಗೆ ಒಂದು ಇಂಚು, ಮುಖ ಒತ್ತಿದ ಹಾಗೆ. ಮರಿಯಾದ್ದರಿಂದ ಅಳತೆಗಿಂತ ಪಾಲು ನೋಡುವುದು ಒಳ್ಳೆಯದು. ಲಾಸಾದಲ್ಲಿ ಮೂಗಿನಿಂದ ತಲೆಯ ಹಿಂಬದಿಯ ಮೂಳೆಯವರೆಗಿನ ಉದ್ದದಲ್ಲಿ ಮೂತಿಯದು ಸುಮಾರು ಮೂರನೇ ಒಂದು ಪಾಲು.

ಆಮೇಲೆ ಕಣ್ಣು. ಶಿಟ್ಜುಗೆ ದೊಡ್ಡ ದುಂಡು ಕಣ್ಣು. ಲಾಸಾದ್ದು ಅಷ್ಟು ದೊಡ್ಡದಲ್ಲ, ಬಾದಾಮಿಯ ಕಡೆಗೆ ವಾಲಿದ ಆಕಾರ. ಮೂಗಿನ ಮೇಲಿನ ಕೂದಲನ್ನೂ ನೋಡಿ. ಶಿಟ್ಜುಗೆ ಅಲ್ಲಿ ಕೂದಲು ಮೇಲಕ್ಕೆ ಬೆಳೆದು ಮುಖ ಸೇವಂತಿಗೆ ಹೂವಿನ ಹಾಗೆ ಅರಳಿಕೊಂಡಿರುತ್ತದೆ. ಲಾಸಾಗೆ ತಲೆಯ ಕೂದಲು ಬೈತಲೆ ತೆಗೆದ ಹಾಗೆ ಎರಡೂ ಕಡೆ ಇಳಿದು ಕಣ್ಣು ಮುಚ್ಚುತ್ತದೆ.

ಎಂಸಿಸಿ ಬಿ ಬ್ಲಾಕ್
ಇದೆಲ್ಲ ಯಾಕೆ? ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇದೇ ತರಹ ಬಿಳಿ ಪಮೇರಿಯನ್ ಇತ್ತು. ಹದಿನಾಲ್ಕು ವರ್ಷ ಬದುಕಿತ್ತು. ಎಲ್ಲ ಒಂದೇ ಜಾತಿ ಸ್ವಾಮಿ.

ಕೋಟೆಯೂರಿನವನು, ಚಿತ್ರದುರ್ಗ
@ಎಂಸಿಸಿ ಒಂದೇ ಅಲ್ಲ ಸರ್. ನಮ್ಮ ಕಡೆ ಪಮೇರಿಯನ್ ಅಂತ ಕರೆಯುವ ಹೆಚ್ಚಿನ ಬಿಳಿ ನಾಯಿಗಳು ಇಂಡಿಯನ್ ಸ್ಪಿಟ್ಜ್. ನಿಂತ ಕಿವಿ, ಚೂಪು ಮೂತಿ, ನರಿಯಂಥ ಮುಖ. ಲಾಸಾಗೂ ಶಿಟ್ಜುಗೂ ಕಿವಿ ಜೋತುಬಿದ್ದಿರುತ್ತವೆ. ಸ್ಪಿಟ್ಜ್ ಯುರೋಪಿನ ಕಡೆಯ ಬಳಗ, ಇವೆರಡೂ ಟಿಬೆಟ್–ಚೀನಾದ ಬಳಗ. ಸಂಬಂಧವೇ ಇಲ್ಲ.

ಹೊಳೆದಂಡೆ ಮನೆ, ಹರಿಹರ
ತಂಗೀ, ನಮ್ಮ ಮನೆಯಲ್ಲಿ ಲಾಸಾ ಇದೆ. ಚಿನ್ನು ಅಂತ. ಹನ್ನೊಂದು ವರ್ಷ. ಇನ್ನೂ ಗಟ್ಟಿಯಾಗಿದ್ದಾನೆ. ಹನ್ನೆರಡರಿಂದ ಹದಿನೈದು ವರ್ಷ ಬದುಕುವ ಜಾತಿ ಇದು.

ಗುಣದ ಬಗ್ಗೆ ಹೇಳುತ್ತೇನೆ. ಮಡಿಲ ಮೇಲೆ ಕೂರಿಸಿಕೊಳ್ಳುವ ಗೊಂಬೆ ಅಂತ ತಂದರೆ ನಿರಾಸೆ ಆಗುತ್ತದೆ. ಇದು ಕಾವಲು ನಾಯಿ. ಗಾತ್ರ ಮಾತ್ರ ಸಣ್ಣದು. ನಮ್ಮ ಚಿನ್ನು ಸೋಫಾದ ಬೆನ್ನಿನ ಮೇಲೆ ಹತ್ತಿ ಕಿಟಕಿಗೆ ಗದ್ದ ಊರಿ ಕೂರುತ್ತಾನೆ. ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಹಾಲಿನವರು ಬರುತ್ತಾರೆ. ಅವರ ಸೈಕಲ್ಲಿನ ಕ್ಯಾನು ತಿರುವಿನಲ್ಲೇ ಸದ್ದು ಮಾಡುತ್ತದೆ. ಚಿನ್ನು ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಒಂದು ದಿನ ಹಾಲಿನವರಿಗೆ ಜ್ವರ. ಅವರ ತಮ್ಮ ಬಂದ. ಅದೇ ಸೈಕಲ್ಲು, ಅದೇ ಕ್ಯಾನು, ಅದೇ ಹೊತ್ತು. ಗೇಟಿಗೆ ಕೈ ಹಾಕುವ ಮೊದಲೇ ಚಿನ್ನು ಎದ್ದು ನಿಂತು ಮನೆಯೆಲ್ಲ ಎಬ್ಬಿಸಿದ. ತುಳಿಯುವ ಸದ್ದು ಬೇರೆ ಅಂತ ಅವನಿಗೆ ಗೊತ್ತಾಗಿತ್ತು. ನಮಗೆ ಬಾಗಿಲು ತೆಗೆದ ಮೇಲೆ ಗೊತ್ತಾಯಿತು.

ಹಠ ಜಾಸ್ತಿ. ಕರೆದರೆ ಒಮ್ಮೆ ನೋಡುತ್ತಾನೆ, ಯೋಚನೆ ಮಾಡುತ್ತಾನೆ, ಮನಸ್ಸಾದರೆ ಬರುತ್ತಾನೆ. ಹೊಡೆದು ಬಗ್ಗಿಸುತ್ತೇನೆ ಅಂದರೆ ಆಗುವುದಿಲ್ಲ. ಒಂದು ಸಲ ನಮ್ಮ ಯಜಮಾನರು ಪೇಪರ್ ಸುರುಳಿ ಮಾಡಿ ಹೊಡೆದರು. ಮೂರು ದಿನ ಅವರ ಹತ್ತಿರ ಸುಳಿಯಲಿಲ್ಲ. ಶಿಟ್ಜು ಹಾಗಲ್ಲ. ನನ್ನ ತಂಗಿ ಮನೆಯಲ್ಲಿ ಶಿಟ್ಜು ಇದೆ, ಬಂದವರ ಮಡಿಲಿಗೆಲ್ಲ ಹತ್ತಿ ಮಲಗುತ್ತದೆ.

ಕೆಟಿಜೆ ನಗರ ಗೆಳೆಯ
ಹಾಗಾದರೆ ಅಕ್ಕಾ, ನಿಮ್ಮ ಬೆಣ್ಣೆ ಅಪರಿಚಿತರನ್ನು ಕಂಡರೆ ಏನು ಮಾಡುತ್ತೆ? ಅದರಲ್ಲೇ ಗೊತ್ತಾಗುತ್ತೆ.

ವಿದ್ಯಾನಗರದ ಅಕ್ಕ, ದಾವಣಗೆರೆ
ಗ್ಯಾಸ್ ಸಿಲಿಂಡರ್‌ನವರು ಬಂದರೆ ನನ್ನ ಕಾಲ ಹಿಂದೆ ನಿಂತು ನೋಡುತ್ತದೆ. ಬಾಲ ಅಲ್ಲಾಡಿಸುವುದಿಲ್ಲ. ಬೊಗಳುವುದೂ ಇಲ್ಲ. ಬರೀ ನೋಡುತ್ತದೆ.

ಹೊಳೆದಂಡೆ ಮನೆ, ಹರಿಹರ
ಆ ನೋಟ ನನಗೆ ಗೊತ್ತು ತಂಗಿ. ಇನ್ನೂ ಮರಿ. ದನಿ ಆಮೇಲೆ ಬರುತ್ತದೆ.

ಮುಧೋಳ ಅಭಿಮಾನಿ
ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಹೇಳುತ್ತೇನೆ. ಟಿಬೆಟ್‌ನ ಚಳಿಯ ನಾಯಿ ತಂದು ನಲವತ್ತು ಡಿಗ್ರಿ ಬಿಸಿಲಲ್ಲಿ ಸಾಕುವುದು ಪಾಪ ಅಲ್ವಾ? ನಮ್ಮ ನೆಲದ್ದೇ ಮುಧೋಳ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಮೈಮೇಲೆ ಕೂದಲು ಕಡಿಮೆ, ಬಿಸಿಲು ತಡೆಯುತ್ತದೆ, ಖರ್ಚೂ ಕಡಿಮೆ.

ಎಂಸಿಸಿ ಬಿ ಬ್ಲಾಕ್
ಮೂವತ್ತು–ನಲವತ್ತರ ಸೈಟಿನ ಮೊದಲ ಮಹಡಿಯಲ್ಲಿ ಮುಧೋಳ ಸಾಕಿದರೆ ಅದು ಪಾಪ ಅಲ್ವಾ? ಅದು ಓಡುವ ನಾಯಿ. ಬಯಲು ಬೇಕು.

ಮುಧೋಳ ಅಭಿಮಾನಿ
ಸರಿ, ಅದು ಒಪ್ಪುತ್ತೇನೆ. ಆದರೂ ತರುವ ಮೊದಲು ನಮ್ಮ ಹವೆಗೆ ಹೊಂದುತ್ತದಾ ಅಂತ ಎಲ್ಲರೂ ಯೋಚಿಸಬೇಕು. ನನ್ನ ಸಿಟ್ಟು ಅಕ್ಕನ ಮೇಲಲ್ಲ. ಕಾಗದ ಕೊಡದೆ ಫೋನ್ ಎತ್ತದೆ ಮರಿ ಮಾರುವವರ ಮೇಲೆ.

ನಿವೃತ್ತ ಪಶುವೈದ್ಯ
ಕೂದಲಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಝೀರೋ ಮಷಿನ್ ಬೇಡವೇ ಬೇಡ. ಚರ್ಮ ಕಾಣುವ ಹಾಗೆ ಬೋಳಿಸಿದರೆ ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುತ್ತದೆ. ಬಿಳಿ ನಾಯಿಗೆ ಚರ್ಮ ಸುಡುವುದು ಬೇಗ. ಒಂದು ಇಂಚು, ಒಂದೂವರೆ ಇಂಚು ಉಳಿಸಿ ಕತ್ತರಿಸಿ. ಅದಕ್ಕೆ ಪಪ್ಪಿ ಕಟ್ ಅಂತಾರೆ. ಹೊಟ್ಟೆಯ ಕೆಳಗೆ, ತೊಡೆಸಂದಿಯಲ್ಲಿ, ಪಾದದ ಮೆತ್ತೆಗಳ ನಡುವೆ ಇನ್ನೂ ಚಿಕ್ಕದು ಮಾಡಬಹುದು. ಈ ಜಾತಿಯ ಕೂದಲು ನಮ್ಮ ತಲೆಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಮತ್ತೆ ಬರುತ್ತದೆ.

ಆದರೆ ಕೂದಲು ಕತ್ತರಿಸಿದ ಮಾತ್ರಕ್ಕೆ ಸೆಕೆಯ ಚಿಂತೆ ಮುಗಿಯುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೂತಿ ಚಿಕ್ಕದಾದಷ್ಟು ಅದು ಕಷ್ಟ. ಹಾಗಾಗಿ ಲಾಸಾನಾ ಶಿಟ್ಜುನಾ ಅನ್ನುವ ನಿಮ್ಮ ಪ್ರಶ್ನೆ ಸುಮ್ನೆ ಹೆಸರಿನದಲ್ಲ. ಶಿಟ್ಜು ಆಗಿದ್ದರೆ ಬೇಸಿಗೆಯಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಏಪ್ರಿಲ್–ಮೇ ತಿಂಗಳಲ್ಲಿ ಬೆಳಿಗ್ಗೆ ಏಳರ ಒಳಗೆ ವಾಕಿಂಗ್ ಮುಗಿಸಿ. ಸಂಜೆ ರಸ್ತೆಯ ಟಾರಿಗೆ ನಿಮ್ಮ ಹಿಂಗೈ ಇಟ್ಟು ನೋಡಿ. ನಿಮಗೆ ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು. ಜೋರಾಗಿ ಏದುಸಿರು, ಅಂಟು ಜೊಲ್ಲು, ಕೆಂಪಾದ ಒಸಡು, ತೂರಾಡುವುದು ಕಂಡರೆ ನಲ್ಲಿ ನೀರಿನಲ್ಲಿ ಮೈ ತೋಯಿಸಿ, ಫ್ಯಾನ್ ಕೆಳಗೆ ಮಲಗಿಸಿ, ತಕ್ಷಣ ವೈದ್ಯರ ಹತ್ತಿರ ಒಯ್ಯಿರಿ.

ಮಂಡಿಪೇಟೆ ಹುಡುಗ
ಸರ್, ಐಸ್ ನೀರು ಹಾಕಿದರೆ ಬೇಗ ತಂಪಾಗಲ್ವಾ?

ನಿವೃತ್ತ ಪಶುವೈದ್ಯ
ಬೇಡಪ್ಪ. ಮಾಮೂಲಿ ನೀರೇ ಸಾಕು, ಗಾಳಿ ಜೋರಾಗಿರಲಿ.

ಮಲೆನಾಡ ದಾರಿ
ಮೂಲದ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ವ್ಯಾಪಾರಕ್ಕೆ ಮುಂಡಗೋಡಕ್ಕೆ ಹೋಗುತ್ತಿರುತ್ತೇನೆ. ಅಲ್ಲಿನ ಟಿಬೆಟಿಯನ್ ಕ್ಯಾಂಪ್ ಗೊತ್ತಲ್ಲ, ಡ್ರೆಪುಂಗ್, ಗಾಂಡೆನ್ ಮಠಗಳು ಅಲ್ಲೇ ಇವೆ. ಒಂದು ಸಲ ಮಠದ ಮೆಟ್ಟಿಲ ಮೇಲೆ ಜೇನು ಬಣ್ಣದ ಸಣ್ಣ ಉದ್ದಕೂದಲಿನ ನಾಯಿ ಕೂತಿತ್ತು. ಕಣ್ಣೇ ಕಾಣುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಎರಡು ಮೆಟ್ಟಿಲು ಹತ್ತಿದೆ, ಅದು ಎದ್ದು ನಿಂತಿತು. ವಯಸ್ಸಾದ ಲಾಮಾ ಒಬ್ಬರು ಒಳಗಿಂದ ಏನೋ ಅಂದರು, ಮತ್ತೆ ಕೂತಿತು. ಅವರು ಕನ್ನಡದಲ್ಲೇ "ಹೆದರಬೇಡಿ, ಇದು ಒಳಗಿನ ಕಾವಲು" ಅಂದರು.

ಟಿಬೆಟ್‌ನಲ್ಲಿ ಹಿಂದೆ ಹೀಗೇ ಇತ್ತಂತೆ. ದೊಡ್ಡ ಮ್ಯಾಸ್ಟಿಫ್ ನಾಯಿ ಹೊರಗೆ ಬಾಗಿಲ ಹತ್ತಿರ. ಒಳಗೆ ಈ ಅಪ್ಸೊ. ಹೊರಗಿನದರ ಕಣ್ಣು ತಪ್ಪಿಸಿ ಬಂದವರನ್ನು ಒಳಗಿನದು ಕೂಗಿ ಹೇಳುತ್ತಿತ್ತು. ಅದರ ಹೆಸರನ್ನೇ ಬೊಗಳುವ ಸಿಂಹದ ಕಾವಲು ನಾಯಿ ಅಂತ ಬಿಡಿಸಿ ಹೇಳುತ್ತಾರೆ.

ಕೋಟೆಯೂರಿನವನು, ಚಿತ್ರದುರ್ಗ
ಏಳು ಸುತ್ತಿನ ಕೋಟೆಯ ಊರಿನವರಿಗೆ ಇದು ಬೇಗ ಅರ್ಥ ಆಗುತ್ತದೆ. ಹೊರಸುತ್ತಿನ ಕಾವಲೇ ಬೇರೆ, ಒಳಸುತ್ತಿನ ಕಾವಲೇ ಬೇರೆ. ಒಳಗಿನವರಿಗೆ ತೋಳಿನ ಬಲಕ್ಕಿಂತ ಕಿವಿ ಚುರುಕಾಗಿರಬೇಕು.

ಸಿಂಹದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಟಿಬೆಟ್‌ನ ಬಾವುಟದಲ್ಲೂ ಎರಡು ಹಿಮಸಿಂಹಗಳಿವೆ. ಶಿಟ್ಜು ಅನ್ನುವ ಚೀನೀ ಹೆಸರಿಗೂ ಸಿಂಹ ಅಂತಲೇ ಅರ್ಥ. ಟಿಬೆಟ್‌ನಿಂದ ಚೀನಾದ ಅರಮನೆಗೆ ಕಾಣಿಕೆಯಾಗಿ ಹೋದ ನಾಯಿಗಳು ಅಲ್ಲಿನ ಗಿಡ್ಡ ಮೂತಿಯ ನಾಯಿಗಳ ಜೊತೆ ಕೂಡಿ ಶಿಟ್ಜು ಆಯಿತು ಅನ್ನುವುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಮಹಾರಾಣಿ ಸಿಶಿ ಇಂಥ ನಾಯಿಗಳನ್ನು ಅರಮನೆಯಲ್ಲಿ ಸಾಕಿಸುತ್ತಿದ್ದಳು. ಅವಳು 1908ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಸಾಕಣೆ ಚೆಲ್ಲಾಪಿಲ್ಲಿ ಆಯಿತು. ಈಗ ಜಗತ್ತಿನಲ್ಲಿರುವ ಶಿಟ್ಜುಗಳೆಲ್ಲ ಬರೀ ಹದಿನಾಲ್ಕು ನಾಯಿಗಳ ವಂಶ ಅಂತಾರೆ. ಏಳು ಗಂಡು, ಏಳು ಹೆಣ್ಣು.

ಕೆಟಿಜೆ ನಗರ ಗೆಳೆಯ
ಲಾಸಾವನ್ನು ಮಾರುವ ಹಾಗೇ ಇಲ್ಲ, ದಲೈ ಲಾಮಾ ಕೊಟ್ಟರೆ ಮಾತ್ರ ಸಿಗುತ್ತದೆ ಅಂತ ಕೇಳಿದ್ದೇನೆ. ಹಾಗಾದರೆ ದಾವಣಗೆರೆಯಲ್ಲಿ ಸಿಗುವುದೆಲ್ಲ ಡೂಪ್ಲಿಕೇಟಾ?

ಮಲೆನಾಡ ದಾರಿ
ಅದು ಹಿಂದಿನ ಕಾಲದ ಮಾತು ಗೆಳೆಯ. ಆಗ ಮಾರುತ್ತಿರಲಿಲ್ಲ, ಕಾಣಿಕೆಯಾಗಿ ಕೊಡುತ್ತಿದ್ದರು. 13ನೇ ದಲೈ ಲಾಮಾ ಅಮೆರಿಕದ ಸುಯ್ಡಮ್ ಕಟಿಂಗ್ ಎಂಬ ಪ್ರವಾಸಿಗೆ ಒಂದು ಜೋಡಿ ಕೊಟ್ಟರು. 1933ರಲ್ಲಿ ಅವು ಅಮೆರಿಕ ಸೇರಿದವು. ಅದಕ್ಕೂ ಮೊದಲೇ, 1928ರಲ್ಲಿ, ಸಿಕ್ಕಿಂನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಬೈಲಿ ಮತ್ತು ಅವರ ಹೆಂಡತಿ ಕೆಲವನ್ನು ಇಂಗ್ಲೆಂಡಿಗೆ ಒಯ್ದಿದ್ದರು. ಅಲ್ಲಿಂದ ಮರಿಗಳಾಗಿ ಎಲ್ಲ ಕಡೆ ಹರಡಿದವು.

ಎಂಸಿಸಿ ಬಿ ಬ್ಲಾಕ್
ಸತ್ತ ಲಾಮಾಗಳು ಈ ನಾಯಿಯಾಗಿ ಹುಟ್ಟುತ್ತಾರೆ ಅಂತಲೂ ಹೇಳುತ್ತಾರಲ್ಲ.

ಮಲೆನಾಡ ದಾರಿ
ನಾಯಿ ಪುಸ್ತಕಗಳಲ್ಲೆಲ್ಲ ಆ ಮಾತಿದೆ. ಮುಂಡಗೋಡದ ಲಾಮಾ ಅವರನ್ನು ಕೇಳಿದೆ. ನಕ್ಕು, "ಎಲ್ಲ ಜೀವಕ್ಕೂ ಮರುಹುಟ್ಟು ಇದೆ, ಅದು ನಾಯಿಗೊಂದೇ ಯಾಕೆ?" ಅಂದರು. ನನಗೆ ಆ ಉತ್ತರ ಇಷ್ಟವಾಯಿತು.

ಕೋಟೆಯೂರಿನವನು, ಚಿತ್ರದುರ್ಗ
ಜಾತಿ ಹಳೆಯದು ಅನ್ನುವುದಕ್ಕೆ ಬೇರೆ ಸಾಕ್ಷಿ ಇದೆ. 2004ರಲ್ಲಿ 85 ಜಾತಿಯ ನಾಯಿಗಳ ಡಿಎನ್‌ಎ ಹೋಲಿಸಿ ನೋಡಿದಾಗ ತೋಳಕ್ಕೆ ಹತ್ತಿರವಾದ ಹಳೆಯ ಗುಂಪಿನಲ್ಲಿ ಲಾಸಾ ಅಪ್ಸೊ, ಶಿಟ್ಜು ಎರಡೂ ಬಂದವು. ನೋಡಲು ಆಟಿಕೆ ಹಾಗೆ ಕಂಡರೂ ಬೇರು ಆಳದಲ್ಲಿದೆ.

ವಿದ್ಯಾನಗರದ ಅಕ್ಕ, ನಿಮಗೆ ಬಂದ ಗೊಂದಲ ದೊಡ್ಡ ದೊಡ್ಡವರಿಗೂ ಬಂದಿತ್ತು. ಇಂಗ್ಲೆಂಡಿನಲ್ಲಿ ಮೊದಮೊದಲು ಎರಡನ್ನೂ ಒಂದೇ ಗುಂಪಿನಲ್ಲಿ ಇಡುತ್ತಿದ್ದರು. ಒಟ್ಟಿಗೆ ನಿಲ್ಲಿಸಿ ನೋಡಿದಾಗ ವ್ಯತ್ಯಾಸ ಕಂಡು, 1934ರಲ್ಲಿ ಚೀನಾದಿಂದ ಬಂದವು ಅಪ್ಸೊ ಅಲ್ಲ ಅಂತ ಬೇರೆ ಮಾಡಿದರು. ಅಮೆರಿಕದಲ್ಲಂತೂ ಕೆಲವು ಶಿಟ್ಜುಗಳು ಅಪ್ಸೊ ಹೆಸರಿನಲ್ಲೇ ನೋಂದಣಿ ಆಗಿದ್ದವು. ಶಿಟ್ಜುಗೆ ಅಲ್ಲಿ ಪೂರ್ತಿ ಮಾನ್ಯತೆ ಸಿಕ್ಕಿದ್ದು 1969ರಲ್ಲಿ.

ನಿಟುವಳ್ಳಿ ತಾಯಿ
ಇತಿಹಾಸ ಚೆನ್ನಾಗಿದೆ, ಆದರೆ ಅವರಿಗೆ ಈಗ ಬೇಕಾದ್ದು ಬಾಚಣಿಗೆ. ನಾನು ಆರು ವರ್ಷದಿಂದ ಲಾಸಾ ಸಾಕುತ್ತಿದ್ದೇನೆ, ಕಲಿತದ್ದು ಹೇಳುತ್ತೇನೆ.

ದಿನಾ ಹತ್ತು ನಿಮಿಷ. ಮೇಲೆ ಮೇಲೆ ಬಾಚಿದರೆ ಪ್ರಯೋಜನವಿಲ್ಲ. ಒಂದು ಕೈಯಲ್ಲಿ ಕೂದಲನ್ನು ಪದರ ಎತ್ತಿ, ಕೆಳಗಿನ ಪದರ ಚರ್ಮದವರೆಗೂ ಬಾಚಿ, ಮತ್ತೊಂದು ಪದರ ಬಿಡಿ. ಸೀರೆ ನೆರಿಗೆ ಬಿಟ್ಟ ಹಾಗೆ. ಸಿಕ್ಕು ಮೊದಲು ಆಗುವುದು ಕಿವಿಯ ಹಿಂದೆ, ಕಂಕುಳಲ್ಲಿ, ಕಾಲರ್ ಪಟ್ಟಿಯ ಕೆಳಗೆ. ಬೆರಳಿಗೆ ಹುಣಸೆಬೀಜದಷ್ಟು ಗಂಟು ಸಿಕ್ಕರೆ ಅಂದೇ ಬಿಡಿಸಿ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಬಿಡಿಸುತ್ತಾ ಬನ್ನಿ. ಬುಡ ಹಿಡಿಯದೆ ಎಳೆದರೆ ನೋವಾಗುತ್ತದೆ, ನಾಳೆಯಿಂದ ಬಾಚಣಿಗೆ ಕಂಡರೆ ಮಂಚದ ಕೆಳಗೆ ಸೇರುತ್ತದೆ.

ಬಾಚದೆ ಸ್ನಾನ ಮಾಡಿಸಲೇಬೇಡಿ. ಸಣ್ಣ ಸಿಕ್ಕು ನೀರು ಬಿದ್ದರೆ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಒಂಬತ್ತು–ಹತ್ತು ತಿಂಗಳಿಗೆ ಮರಿಕೂದಲು ಹೋಗಿ ದೊಡ್ಡ ಕೂದಲು ಬರುತ್ತದೆ. ಆಗ ಎರಡು ತಿಂಗಳು ತುಂಬಾ ಸಿಕ್ಕು. ಹೆಚ್ಚಿನವರು ಬೇಸತ್ತು ಬೋಳಿಸುವುದು ಆಗಲೇ. ಮಳೆಗಾಲದಲ್ಲಿ ಕೂದಲೊಳಗೆ ಉಣ್ಣಿ ಕಾಣುವುದಿಲ್ಲ, ಕೈಯಾಡಿಸಿ ಹುಡುಕಬೇಕು.

ಹೊಳೆದಂಡೆ ಮನೆ, ಹರಿಹರ
ಕಣ್ಣೂ ನೋಡಿಕೊಳ್ಳಿ. ದಿನಾ ಒದ್ದೆ ಹತ್ತಿಬಟ್ಟೆಯಲ್ಲಿ ಒರೆಸಿ. ಚಿನ್ನುಗೆ ಏಳನೇ ವರ್ಷಕ್ಕೆ ಕಣ್ಣು ಒಣಗುವ ತೊಂದರೆ ಬಂತು. ಅಂಟು ಪಿಸುರು ಬಂದಾಗ ಧೂಳು ಅಂತ ಸುಮ್ಮನಿದ್ದೆ. ಬೇಗ ತೋರಿಸಬೇಕಿತ್ತು. ಈಗ ದಿನಾ ಡ್ರಾಪ್ಸ್ ಹಾಕುತ್ತೇವೆ.

ಮಂಡಿಪೇಟೆ ಹುಡುಗ
ಊಟ ಏನು ಕೊಡ್ತೀರಿ? ನಮ್ಮ ಓಣಿಯಲ್ಲಿ ಒಂದು ನಾಯಿ ಬೆಣ್ಣೆದೋಸೆ ಇಲ್ಲದೆ ಮಲಗಲ್ಲ.

ನಿವೃತ್ತ ಪಶುವೈದ್ಯ
ದೋಸೆಯ ತುಂಡಿಗಿಂತ ಅದರ ಜೊತೆಗಿನ ಪಲ್ಯದ ಭಯ ನನಗೆ. ಈರುಳ್ಳಿ ನಾಯಿಗೆ ವಿಷ. ರಕ್ತದ ಕೆಂಪುಕಣ ಒಡೆಯುತ್ತದೆ. ಬೇಯಿಸಿದರೂ ವಿಷವೇ. ಏಳು ಕೆಜಿ ತೂಗುವ ನಾಯಿಗೆ ನಮ್ಮ ಒಂದು ತುತ್ತು ಸಣ್ಣದಲ್ಲ. ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಹಬ್ಬದ ದಿನ ಪಾಯಸದ ದ್ರಾಕ್ಷಿ ತಿಂದು ಬಂದ ನಾಯಿಗಳನ್ನು ನಾನು ನೋಡಿದ್ದೇನೆ.

ನಿಟುವಳ್ಳಿ ತಾಯಿ
ಸರ್, ಈರುಳ್ಳಿ ವಿಷ ಅಂತ ನನಗೂ ಇವತ್ತೇ ಗೊತ್ತಾಗಿದ್ದು. ಆರು ವರ್ಷದಿಂದ ಸಾರನ್ನ ಕಲಸಿ ಹಾಕುತ್ತಿದ್ದೆ. ನಾಳೆಯಿಂದ ನಿಲ್ಲಿಸುತ್ತೇನೆ.

ನಿವೃತ್ತ ಪಶುವೈದ್ಯ
ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ ತಾಯಿ, ಸಮಾಧಾನಕ್ಕೆ.

ಕೆಟಿಜೆ ನಗರ ಗೆಳೆಯ
ಯಾವ ಹೋಟೆಲಿನ ಬೆಣ್ಣೆದೋಸೆ ಅಂತ ಕೇಳಬೇಕು ಅನ್ನಿಸಿತು. ಆದರೆ ಇಲ್ಲಿ ಶುರುವಾದರೆ ನಾಯಿಯ ಮಾತು ಮುಗಿದೇ ಹೋಗುತ್ತದೆ.

ಮುಧೋಳ ಅಭಿಮಾನಿ
ಕಾಗದದ ವಿಷಯಕ್ಕೆ ಬರುತ್ತೇನೆ. ಮುಂದೆ ತರುವವರು ಕೇಳಿಸಿಕೊಳ್ಳಿ. ಜಾತಿನಾಯಿಗಳನ್ನು ನೋಂದಣಿ ಮಾಡುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇದ್ದರೆ ಮರಿಯ ಜೊತೆಗೇ ಅದರ ವಿವರ ಸಿಗಬೇಕು, ಆಮೇಲೆ ಕಳಿಸ್ತೀವಿ ಅನ್ನುವುದಲ್ಲ. ಅದಕ್ಕಿಂತ ಮುಖ್ಯ, ಮರಿಯ ತಾಯಿಯನ್ನು ಕಣ್ಣಾರೆ ನೋಡಿ. ತಾಯಿಯನ್ನು ತೋರಿಸದವರ ಹತ್ತಿರ ದುಡ್ಡು ಕೊಡಬೇಡಿ.

ವಿದ್ಯಾನಗರದ ಅಕ್ಕ, ದಾವಣಗೆರೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ನಾವು ತಾಯಿಯನ್ನು ನೋಡಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ರಟ್ಟಿನ ಡಬ್ಬಿಯಲ್ಲಿ ತಂದುಕೊಟ್ಟರು. ಡಬ್ಬಿಯ ಮೂಲೆಯಲ್ಲಿ ನಡುಗುತ್ತಾ ಕೂತಿತ್ತು. ಆಮೇಲೆ ಏನೂ ಕೇಳಲು ಮನಸ್ಸು ಬರಲಿಲ್ಲ, ಎತ್ತಿಕೊಂಡುಬಂದೆ.

ಇವತ್ತು ಮಗಳ ಜೊತೆ ಕೂತು ಅಳೆದೆ. ಟೇಪ್ ಕಚ್ಚಲು ಬರುತ್ತಿತ್ತು, ಮೂರು ಸಲ ಅಳೆಯಬೇಕಾಯಿತು. ಕಣ್ಣಿನಿಂದ ಮೂಗಿಗೆ ಮೂರೂವರೆ ಸೆಂಟಿಮೀಟರ್. ಮೂಗಿನಿಂದ ತಲೆಯ ಹಿಂಬದಿಗೆ ಹತ್ತೂವರೆ. ಕಣ್ಣು ದುಂಡಗಿಲ್ಲ. ಮೂಗಿನ ಮೇಲಿನ ಕೂದಲು ಕೆಳಗೇ ಬೀಳುತ್ತದೆ.

ಕೋಟೆಯೂರಿನವನು, ಚಿತ್ರದುರ್ಗ
ಸರಿಯಾಗಿ ಮೂರನೇ ಒಂದು ಪಾಲು! ಲಾಸಾ ಕಡೆಗೇ ಇದೆ ಅಕ್ಕ.

ಎಂಸಿಸಿ ಬಿ ಬ್ಲಾಕ್
ಮಿಕ್ಸ್ ಇದ್ದರೂ ಇರಬಹುದು. ತಾಯಿ-ತಂದೆ ನೋಡದೆ ಖಂಡಿತ ಹೇಳಲು ಆಗದು.

ಕೋಟೆಯೂರಿನವನು, ಚಿತ್ರದುರ್ಗ
ಅದು ನಿಜ, ಒಪ್ಪಿದೆ. ದೊಡ್ಡದಾದಾಗ ಎತ್ತರ ಹತ್ತು–ಹನ್ನೊಂದು ಇಂಚು, ತೂಕ ಐದೂವರೆಯಿಂದ ಎಂಟು ಕೆಜಿ ಒಳಗೆ ನಿಂತರೆ ಇನ್ನೊಂದು ಸಮಾಧಾನ.

ನಿವೃತ್ತ ಪಶುವೈದ್ಯ
ಮಿಕ್ಸ್ ಆದರೂ ಆರೈಕೆ ಇದೇ. ರೇಬಿಸ್ ಇಂಜೆಕ್ಷನ್ ಆಗಿದೆ ತಾನೇ? ಅಂಥವರು ಕೊಟ್ಟ ಪುಸ್ತಕದ ಮೇಲಿನ ಸಹಿ ನಂಬಬೇಡಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಯಾವುದು ಬಾಕಿ ಇದೆ ಕೇಳಿ.

ವಿದ್ಯಾನಗರದ ಅಕ್ಕ, ದಾವಣಗೆರೆ
ನಾಳೆಯೇ ಹೋಗುತ್ತೇನೆ ಸರ್. ಕೂದಲು ಒಂದೂವರೆ ಇಂಚು ಬಿಟ್ಟು ಕತ್ತರಿಸಲು ಹೇಳಿದ್ದೇನೆ. ಅತ್ತೆಯವರಿಗೂ ನಿಮ್ಮ ಮಾತು ಓದಿ ಹೇಳಿದೆ. ಈಗ ಅವರೇ ಸಂಜೆ ಕೂತು ಕಿವಿಯ ಹಿಂದಿನ ಸಿಕ್ಕು ಬಿಡಿಸುತ್ತಿದ್ದಾರೆ. ತಮ್ಮ ಹಳೆಯ ಮರದ ಬಾಚಣಿಗೆಯನ್ನೇ ಅದಕ್ಕೆ ಕೊಟ್ಟುಬಿಟ್ಟಿದ್ದಾರೆ. ಕಣ್ಣಿಗೆ ಬೀಳುವ ಕೂದಲಿಗೆ ಮಗಳು ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಜುಟ್ಟು ಕಟ್ಟಿದ್ದಾಳೆ.

ಹರಿಹರದ ಅಕ್ಕ, ನಿಮಗೊಂದು ವಿಷಯ. ಇದನ್ನು ಟೈಪ್ ಮಾಡುವಾಗ ಗೇಟಿನ ಚಿಲಕ ಸದ್ದಾಯಿತು. ಹೊಸ ಕೊರಿಯರ್ ಹುಡುಗ. ಬೆಣ್ಣೆ ಅತ್ತೆಯ ಮಡಿಲಿಂದ ಇಳಿದು ಹೊಸ್ತಿಲ ಮೇಲೆ ನಿಂತು ಎರಡು ಸಲ ಬೊಗಳಿತು. ಮೊದಲ ಸಲ ಕೇಳಿದ್ದು ನಾವು. ಸಣ್ಣ ಮೈಗೆ ಅಷ್ಟು ಗಟ್ಟಿ ದನಿ ಎಲ್ಲಿಂದ ಬಂತೋ.

ಹೊಳೆದಂಡೆ ಮನೆ, ಹರಿಹರ
ಬಂತಲ್ಲ ದನಿ! ಚಿನ್ನುಗೂ ಐದನೇ ತಿಂಗಳಲ್ಲೇ ಬಂದದ್ದು. ಹರಿಹರಕ್ಕೆ ಬಂದಾಗ ಕರೆದುಕೊಂಡು ಬನ್ನಿ ತಂಗಿ.